ಕುಂದಲಹಳ್ಳಿಯ ಒಂಟಿ ಇಲಿ

ಇಲಿಗಳ ಕೋಣೆಗೆ ಬಾಗಿಲು ತಟ್ಟಿ ಒಳಗೆ ಹೋಗುತ್ತಿದ್ದ ಮನುಷ್ಯ ಅಂತ ನಾನು ನೋಡಿದ್ದು ಒಬ್ಬರನ್ನೇ. ಎರಡು ಸಲ ಮೆಲ್ಲಗೆ ತಟ್ಟುವರು, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಕಾಯುವರು, ಆಮೇಲೆ "ಬಂದೆ ಕಣ್ರಮ್ಮಾ" ಎನ್ನುತ್ತ ಬಾಗಿಲು ತೆರೆಯುವರು. ಒಳಗೆ ಪ್ಲಾಸ್ಟಿಕ್ ಪಂಜರಗಳಲ್ಲಿ ಕಪ್ಪು ಇಲಿಗಳು ಬಿಟ್ಟರೆ ಬೇರೆ ನರಪಿಳ್ಳೆ ಇರುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನು ನೋಡಿ ನಾನು ಕಿಸಕ್ಕನೆ ನಕ್ಕೆ.

ಅವರು ತಿರುಗಿ ನೋಡಿದರು. "ನಿಮ್ ರೂಮಿಗೆ ಯಾರಾರಾ ದಡಾರಂತ ನುಗ್ಗಿದ್ರೆ ಸುಮ್ಕಿರ್ತೀರಾ ಮೇಡಂ?"

ನನ್ನ ರೂಮು ಅವರದೇ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಹಾಗಾಗಿ ನಾನು ವಾದ ಬೆಳೆಸಲಿಲ್ಲ.

ಅವರು ಹೋಗಿ ಇಪ್ಪತ್ತು ದಿನವಾಯಿತು. ಇಲಿಗಳ ಹೊಟ್ಟೆಯ ಕಾಯಿಲೆಯನ್ನೇ ಹಿಡಿದು ಕೂತ ನನ್ನಂಥವಳು ಬರೆಯುತ್ತಿದ್ದೇನೆ ಅಂದಮೇಲೆ ಅವರೂ ಹೊಟ್ಟೆಯ ಕಾಯಿಲೆಯಿಂದಲೇ ಸತ್ತಿರಬೇಕು ಎಂದು ಯಾರಿಗಾದರೂ ಅನ್ನಿಸೀತು. ಹಾಗೇನಿಲ್ಲ. ಹಸುಗಳಿಗೆ ನೀರಿಟ್ಟು, ಕೈಕಾಲು ತೊಳೆದು, ಜಗಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲವಂತೆ. ಹೊಟ್ಟೆ ಕೊನೆಯತನಕ ಕಲ್ಲು ತಿಂದು ಕಲ್ಲು ಅರಗಿಸುವ ಹಾಗಿತ್ತು. ಮುದ್ದೆಯನ್ನು ನುಂಗುತ್ತಿದ್ದ ರೀತಿ ನೋಡಿದ್ದೇನೆ, ನನಗೆ ಗೊತ್ತು.

ನಮ್ಮ ಪ್ರಯೋಗಾಲಯ ಇದ್ದದ್ದು ವೈಟ್‌ಫೀಲ್ಡಿನ ಹಿಂಬದಿಯಲ್ಲಿ, ಗಾಜಿನ ಕಟ್ಟಡಗಳು ಮುಗಿದು ಶೆಡ್ಡುಗಳು ಶುರುವಾಗುವ ಕಡೆ. ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಎಲ್ಲರೂ ಅವರನ್ನು ಅಣ್ಣ ಅನ್ನುತ್ತಿದ್ದರು. ಸೆಕ್ಯೂರಿಟಿಯವನಿಂದ ಹಿಡಿದು, ಕನ್ನಡದಲ್ಲಿ ಆ ಒಂದೇ ಪದ ಬರುತ್ತಿದ್ದ ನಮ್ಮ ಮುಖ್ಯಸ್ಥೆಯವರೆಗೆ. ಮುಖ್ಯಸ್ಥೆ ಉತ್ತರದ ಕಡೆಯವರು, ನಾವು ದೊಡ್ಡ ಮೇಡಂ ಅನ್ನುತ್ತಿದ್ದೆವು. ನಾನು ಸಂಶೋಧನಾ ವಿದ್ಯಾರ್ಥಿನಿ, ಬರೀ ಮೇಡಂ. ಅದೂ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆವರೆಗೆ ಮಾತ್ರ. ಐದೂವರೆ ಆದಮೇಲೆ, ಅದೇ ಮನುಷ್ಯ ನೀಲಿ ಸಮವಸ್ತ್ರ ಕಳಚಿ, ಪಂಚೆ ಉಟ್ಟು, ತನ್ನ ನಾಲ್ಕಂತಸ್ತಿನ ಪಿ.ಜಿ. ಕಟ್ಟಡದ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, "ಏನಮ್ಮ ಮೂರ್ನೇ ಫ್ಲೋರು, ನಲ್ಲಿ ಬಿಟ್ಟೋಗಿದ್ದೆ ಬೆಳಿಗ್ಗೆ" ಎಂದು ಗದರಿಸುವರು. ಹಗಲು ನಾನು ಹೇಳಿದ್ದನ್ನು ಅವರು ಕೇಳಬೇಕು, ಸಂಜೆ ಅವರು ಹೇಳಿದ್ದನ್ನು ನಾನು ಕೇಳಬೇಕು. ಈ ಏರ್ಪಾಟು ಅವರಿಗೆ ಒಂದಿಷ್ಟೂ ವಿಚಿತ್ರ ಅನ್ನಿಸಿರಲಿಲ್ಲ.

ಇಷ್ಟೆಲ್ಲ ಇರುವವರು ಇಲಿಗಳ ಪಂಜರ ತೊಳೆಯಲು ಯಾಕೆ ಬರುತ್ತಾರೆಂದು ನನಗೆ ಮೊದಮೊದಲು ತಿಳಿಯುತ್ತಿರಲಿಲ್ಲ. ಅವರ ಊರು ಹೋಗಿ ಲೇಔಟಾಗಿತ್ತು. ಹೊಲ ಹೋದಾಗ ದನಗಳೂ ಹೋದವು. "ಕೈ ಸುಮ್ನಿರಲ್ಲ ಕಣಮ್ಮ," ಅಂದಿದ್ದರು ಒಮ್ಮೆ. "ಐವತ್ತೊರ್ಸ ಜೀವ ಇರೋದ್ನ ಮುಟ್ಟಿದ್ ಕೈ. ಈಗ ಬರೀ ಗೇಟು, ಬೀಗ, ಮೋಟ್ರು ಸ್ವಿಚ್ಚು ಮುಟ್ಕೊಂಡಿರು ಅಂದ್ರೆ?" ಪ್ರಾಣಿ ನೋಡಿಕೊಳ್ಳಲು ಜನ ಬೇಕೆಂದು ಏಜೆನ್ಸಿಯವರು ಬೋರ್ಡು ಹಾಕಿದ್ದನ್ನು ನೋಡಿ ಬಂದವರು ಅವರು. ಇಲಿ ಎಂದು ತಿಳಿದ ಮೇಲೆ ಸ್ವಲ್ಪ ಪೆಚ್ಚಾದರಂತೆ. ನಮ್ಮ ಶೆಡ್ಡು ನಿಂತಿದ್ದ ಜಾಗದಲ್ಲೇ ಅವರ ಚಿಕ್ಕಪ್ಪನ ರಾಗಿಯ ಕಣ ಇತ್ತು. ಇಲಿ ಕೋಣೆಯ ಮೂಲೆ ತೋರಿಸಿ, "ಇಲ್ಲೇ ಬಣವೆ ಒಟ್ತಿದ್ವಿ. ಆಗ ಇಲಿ ಓಡ್ಸೋದೇ ನನ್ ಕೆಲ್ಸ. ಈಗ ನೋಡಿ, ಅದೇ ಜಾಗ್ದಾಗೆ ಬಾಣಂತಿ ತರ ನೋಡ್ಕಂತಾ ಇವ್ನಿ," ಎಂದು ತಾವೇ ನಗುವರು.

ನಮ್ಮ ಕೆಲಸ ಏನೆಂದು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮನುಷ್ಯರ ಹೊಟ್ಟೆಯಲ್ಲಿ, ಅಷ್ಟು ಆಮ್ಲದ ನಡುವೆ, ವರ್ಷಗಟ್ಟಲೆ ಬಾಳುವ ಒಂದು ಬ್ಯಾಕ್ಟೀರಿಯಾ ಇದೆ. ಬಹಳ ಜನಕ್ಕೆ ಅದು ಇರುವುದೇ ಗೊತ್ತಾಗುವುದಿಲ್ಲ. ಕೆಲವರಿಗೆ ಹೊಟ್ಟೆಯ ಗೋಡೆ ಊದಿಕೊಂಡು ಹುಣ್ಣಾಗುತ್ತದೆ, ಇನ್ನು ಕೆಲವರಿಗೆ ಅದಕ್ಕಿಂತ ಕೆಟ್ಟದ್ದು. ಅದರ ದಾಯಾದಿಯಂಥ ಒಂದು ಜಾತಿಯನ್ನು ಇಲಿಗಳ ಹೊಟ್ಟೆಗೆ ಸಣ್ಣ ನಳಿಕೆಯಲ್ಲಿ ಬಿಟ್ಟು, ಅವುಗಳ ದೇಹ ತಿಂಗಳುಗಟ್ಟಲೆ ಅದರೊಡನೆ ಹೇಗೆ ಕಾದಾಡುತ್ತದೆ ಎಂದು ನೋಡುವುದು ನಮ್ಮ ಕೆಲಸ. ಬಾಯಿಯಲ್ಲಿ ಹಾಕುವ ಒಂದು ಹೊಸ ಲಸಿಕೆಯನ್ನು ಆಗ ಪರೀಕ್ಷಿಸುತ್ತಿದ್ದೆವು. ಎಂಟು ತಿಂಗಳ ಪ್ರಯೋಗ. ನನ್ನ ಪಿಎಚ್.ಡಿ. ಪೂರ್ತಿ ಅದರ ಮೇಲೆ ನಿಂತಿತ್ತು.

ಒಂದು ಮಧ್ಯಾಹ್ನ ಅಣ್ಣನನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಹಳೆಯ ಪ್ರಯೋಗದ ಒಂದು ಇಲಿಯ ಹೊಟ್ಟೆಯ ತೆಳ್ಳನೆಯ ಚೂರು, ಬಣ್ಣ ಹಾಕಿದ್ದು. ಗುಲಾಬಿ ಗೋಡೆಯ ತುಂಬ ನೀಲಿ ಚುಕ್ಕೆಗಳು.

"ಆ ನೀಲಿ ಚುಕ್ಕೆಗಳೆಲ್ಲ ಕಾವಲುಗಾರರು ಅಣ್ಣ," ಅಂದೆ. "ಕ್ರಿಮಿ ಇರೋದು ಮೇಲಿನ ಲೋಳೆಯಲ್ಲಿ. ಇವರ ಕೈಗೆ ಅದು ಸಿಗ್ತಿಲ್ಲ. ಸಿಗದೇ ಇರೋ ಸಿಟ್ಟಿಗೆ ಗೋಡೆನೇ ಹಾಳು ಮಾಡ್ತಿದಾರೆ. ಕ್ರಿಮಿಯಿಂದ ಆಗೋ ಹಾನಿಗಿಂತ ಇವರಿಂದ ಆಗೋದೇ ಜಾಸ್ತಿ."

ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. "ಅಂಗಾರೆ, ಕಳ್ಳ ಒಂದ್ ಚೊಂಬು ಕದ್ದ ಅಂತ ಕಾವಲುಗಾರ ಮನೆನೇ ಕೆಡವ್ತಾವ್ನೆ ಅನ್ನಿ."

"ಎಲ್ಲ ಇಲಿಗಳೂ ಹೀಗೆ ಜಗಳ ಆಡಲ್ಲ. ತೀರಾ ಮರಿಯಾಗಿದ್ದಾಗಲೇ ಕ್ರಿಮಿ ಹೊಕ್ಕರೆ, ಇವನೂ ನಮ್ಮ ಮನೆಯವನೇ ಇರಬೇಕು ಅಂತ ದೇಹ ಸುಮ್ಮನಾಗುತ್ತೆ. ಕ್ರಿಮಿನೂ ಇರುತ್ತೆ, ಹೊಟ್ಟೆನೂ ನೆಟ್ಟಗಿರುತ್ತೆ."

"ನಮ್ ಬಿಲ್ಡಿಂಗ್ ಇದ್ದಂಗೆ," ಅಂದರು ತಲೆಯೆತ್ತಿ. "ಮೂವತ್ ಜನ ಅವ್ರೆ. ಒಬ್ರ್ ಮಾತು ಒಬ್ರಿಗೆ ಬರಲ್ಲ, ಒಬ್ರ್ ಊಟ ಒಬ್ರಿಗೆ ಸೇರಲ್ಲ. ದಿನಾ ಅವ್ರ್ ಕುಟ್ಟೆ ಗುದ್ದಾಡ್ತಾ ಕೂತ್ರೆ ಬೀಳೋದು ನನ್ ಗ್ವಾಡೆನೇ." ಮೂರನೇ ಮಹಡಿಯವಳ ಕಡೆ ಒಂದು ನೋಟ ಬಿಟ್ಟು ಎದ್ದು ಹೋದರು.

ನಮ್ಮ ಪಂಜರಗಳಿಗೆ ಇಂಗ್ಲಿಷ್ ಅಕ್ಷರ, ಅಂಕಿ ಸೇರಿಸಿದ ಗುರುತುಗಳಿದ್ದವು. ಅವು ಅವರ ತಲೆಗೆ ಹೋಗಲಿಲ್ಲ. ಅದಕ್ಕೆ ಹನ್ನೆರಡು ಪಂಜರಗಳಿಗೂ ಬಸ್ ಸ್ಟಾಪಿನ ಹೆಸರಿಟ್ಟುಕೊಂಡರು. ಮೇಲಿನ ಸಾಲಿನ ಎಡತುದಿ ಮಾರತ್ತಹಳ್ಳಿ. ಅದರ ಪಕ್ಕ ಕುಂದಲಹಳ್ಳಿ, ಬ್ರೂಕ್‌ಫೀಲ್ಡ್, ಹೂಡಿ, ಹೀಗೆ ಇಳಿದು ಕೊನೆಯದು ಹೊಸಕೋಟೆ. ಒಂದೊಂದರಲ್ಲಿ ನಾಲ್ಕು ಇಲಿ. ನಾಲ್ಕು ಪಂಜರಕ್ಕೆ ಲಸಿಕೆ ಹಾಕಿ ಆಮೇಲೆ ಕ್ರಿಮಿ ಬಿಟ್ಟಿದ್ದೆವು, ನಾಲ್ಕಕ್ಕೆ ಲಸಿಕೆಯಿಲ್ಲದೆ ಕ್ರಿಮಿ, ಇನ್ನು ನಾಲ್ಕಕ್ಕೆ ಏನೂ ಇಲ್ಲ. ಈ ಏನೂ ಇಲ್ಲದವುಗಳೇ ನಮ್ಮ ಅಳತೆಗೋಲು. ಅವು ಶುದ್ಧವಾಗಿದ್ದರೆ ಮಾತ್ರ ಉಳಿದವುಗಳ ಬಗ್ಗೆ ಏನಾದರೂ ಹೇಳಬಹುದು. ಮಾರತ್ತಹಳ್ಳಿ, ಕುಂದಲಹಳ್ಳಿ ಎರಡೂ ಶುದ್ಧ ಪಂಜರಗಳು. ನಿಜವಾದ ಊರುಗಳಿಗೆ ಆ ಭಾಗ್ಯ ಎಲ್ಲಿಂದ ಬರಬೇಕು!

ರಿಜಿಸ್ಟರನ್ನು ಅವರು ಕನ್ನಡದಲ್ಲೇ ಬರೆಯುತ್ತಿದ್ದರು. ಏಳನೇ ಕ್ಲಾಸಿನ ಓದು, ಅಕ್ಷರ ಮಾತ್ರ ಪೋಣಿಸಿದ ಮುತ್ತು. ಆಡುವಾಗ ಒಂದು ಕನ್ನಡ, ಬರೆಯುವಾಗ ಇನ್ನೊಂದು. "ಸೋಮವಾರ. ಎಲ್ಲರೂ ಕ್ಷೇಮ. ಹೂಡಿಯಲ್ಲಿ ಒಂದು ಇಲಿಯ ಬಾಲಕ್ಕೆ ಗಾಯ. ವರ್ತೂರಿನವರು ನಿನ್ನೆಯ ಆಹಾರ ಪೂರ್ತಿ ತಿಂದಿಲ್ಲ." ಹೀಗೆ ಕಾಗದ ಬರೆದಂತೆ ಬರೆಯುವರು. ತಿಂಗಳಿಗೊಮ್ಮೆ ಅದನ್ನು ನಾನು ಇಂಗ್ಲಿಷಿಗೆ ಇಳಿಸಿ ಫೈಲಿಗೆ ಹಾಕಬೇಕು. ಲಸಿಕೆಯ ಕಂಪನಿಯವರು ಓದುವುದು ಅದನ್ನೇ. ಇಡೀ ಪ್ರಯೋಗಾಲಯದಲ್ಲಿ ಅವರ ಕನ್ನಡವನ್ನು ಓದಬಲ್ಲವಳು ನಾನೊಬ್ಬಳೇ. ಇದು ಹೆಮ್ಮೆಯ ವಿಷಯ ಅಂತಲೇ ಆಗ ತಿಳಿದಿದ್ದೆ.

ಇನ್ನೊಂದು ಹೇಳಬೇಕು. ಪ್ರಯೋಗ ಮುಗಿದ ದಿನ ಇಲಿಗಳನ್ನು ಕೊಲ್ಲಬೇಕಾಗುತ್ತದೆ. ಹಿಂದಿನ ಕೆಲಸಗಾರರು ಆ ದಿನ ರಜ ಹಾಕುತ್ತಿದ್ದರು. ಅಣ್ಣ ಒಂದು ದಿನವೂ ಹಾಕಲಿಲ್ಲ. ಒಂದೊಂದನ್ನೂ ಅಂಗೈಯಲ್ಲಿ ಕೂರಿಸಿಕೊಂಡು, ಇನ್ನೊಂದು ಕೈ ಮೇಲೆ ಮುಚ್ಚಿ, ತಾವೇ ತಂದು ಕೊಡುವರು. "ಗೊತ್ತಿರೋ ಕೈ ಆದ್ರೆ ಬೆದ್ರಲ್ಲ ಮೇಡಂ," ಅನ್ನುವರು. ಮುಗಿದ ಮೇಲೆ ಊಟಕ್ಕೆ ಹೋಗುತ್ತಿರಲಿಲ್ಲ. ಖಾಲಿ ಪಂಜರಗಳನ್ನು ಬಿಸಿನೀರಲ್ಲಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಆ ಹೊತ್ತಿನಲ್ಲಿ ಅವರನ್ನು ಮಾತಾಡಿಸುವ ಧೈರ್ಯ ನನಗೆ ಬರುತ್ತಿರಲಿಲ್ಲ.

ಎಂಟು ತಿಂಗಳು ಮುಗಿಯಿತು. ಆ ದಿನವೂ ಹಾಗೇ ತಂದುಕೊಟ್ಟರು. ಎರಡು ವಾರದ ನಂತರ ಹೊಟ್ಟೆಯ ಚೂರುಗಳನ್ನು ನೋಡಲು ಕೂತೆ. ಲಸಿಕೆ ಹಾಕಿದ ಇಲಿಗಳು ಚೆನ್ನಾಗಿದ್ದವು. ಕ್ರಿಮಿ ಕಮ್ಮಿ, ಊತವೂ ಕಮ್ಮಿ. ಅಂಕಿಗಳನ್ನು ಎರಡೆರಡು ಸಲ ಬರೆದುಕೊಂಡೆ, ಸಂತೋಷಕ್ಕೆ. ಆಮೇಲೆ ಶುದ್ಧ ಪಂಜರಗಳ ಚೂರುಗಳನ್ನು ಇಟ್ಟೆ. ಕುಂದಲಹಳ್ಳಿಯಲ್ಲಿ ಉಳಿದಿದ್ದ ಒಂದೇ ಇಲಿಯ ಹೊಟ್ಟೆಯ ತುಂಬ ನೀಲಿ ಚುಕ್ಕೆಗಳು. ಮಾರತ್ತಹಳ್ಳಿಯಲ್ಲಿ ಎರಡು ಇಲಿಗಳಿಗೆ ಅದೇ ಪಾಡು. ಉಳಿದ ಎರಡು ಶುದ್ಧ ಪಂಜರಗಳಲ್ಲೂ ಒಂದೊಂದು. ರಕ್ತ ಪರೀಕ್ಷೆ ಮಾಡಿದರೆ ಅವುಗಳ ದೇಹವೂ ಕ್ರಿಮಿಯನ್ನು ಕಂಡಿದೆ ಎಂದು ಸಾಕ್ಷಿ ಹೇಳಿತು. ಯಾರೂ ನಳಿಕೆ ಹಾಕದ ಹೊಟ್ಟೆಗಳಲ್ಲಿ ಜಗಳ ನಡೆದಿತ್ತು.

ದೊಡ್ಡ ಮೇಡಂ ತಲೆ ಹಿಡಿದುಕೊಂಡರು. "ರಿಜಿಸ್ಟರ್ ನೋಡು," ಅಂದರು. "ಏನಾದರೂ ಆಗಿದ್ದರೆ ಅಣ್ಣ ಬರೆಯದೇ ಇರೋದಿಲ್ಲ."

ನಾಚಿಕೆಯಾದರೂ ಹೇಳಬೇಕು, ಮೂರು ತಿಂಗಳ ರಿಜಿಸ್ಟರನ್ನು ನಾನು ಇಂಗ್ಲಿಷಿಗೆ ಇಳಿಸಿಯೇ ಇರಲಿಲ್ಲ. ಓದಿಯೂ ಇರಲಿಲ್ಲ. "ಎಲ್ಲರೂ ಕ್ಷೇಮ" ಅನ್ನುವುದನ್ನು ಎಷ್ಟು ಸಲ ಓದುವುದು ಎಂಬ ಉದಾಸೀನ. ಊಟದ ಹೊತ್ತಿನಲ್ಲಿ ಎಲ್ಲರೂ ಕ್ಯಾಂಟೀನಿಗೆ ಹೋದ ಮೇಲೆ ಪುಟ ತಿರುವುತ್ತಾ ಕೂತೆ. ಆರನೇ ತಿಂಗಳಲ್ಲಿ ಸಿಕ್ಕಿತು.

"ಸೋಮವಾರ. ಬೆಳಿಗ್ಗೆ ಬಂದಾಗ ಕುಂದಲಹಳ್ಳಿಯ ನೀರಿನ ಬಾಟಲಿ ಸೋರಿ ಪಂಜರವೆಲ್ಲ ಒದ್ದೆ. ಮೂರು ಇಲಿಗಳು ಚಳಿಗೆ ಸತ್ತಿವೆ. ಬಿರಡೆ ಹಾಕಿದ್ದು ನಾನೇ. ಒಂದು ಉಳಿದಿದೆ." ಇಷ್ಟು ನನಗೂ ಗೊತ್ತಿತ್ತು. ಸತ್ತ ಇಲಿಗಳ ಲೆಕ್ಕ ಆವತ್ತೇ ಬರೆದುಕೊಂಡಿದ್ದೆ. ಗೊತ್ತಿಲ್ಲದ್ದು ಅದರ ಕೆಳಗಿತ್ತು. "ಬುಧವಾರ. ಒಂಟಿ ಇಲಿ ಎರಡು ದಿನದಿಂದ ಏನೂ ತಿಂದಿಲ್ಲ. ಮೂಲೆಯಲ್ಲಿ ಮುದುಡಿ ಕೂತಿದೆ. ಇಂದು ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಬ್ರೂಕ್‌ಫೀಲ್ಡಿನವರ ಜೊತೆ ಬಿಟ್ಟೆ. ಕೈಗವಸು ಬದಲಿಸಿದೆ. ಅಲ್ಲಿ ತಿಂದಿತು. ಮತ್ತೆ ಅದರ ಮನೆಗೆ ಬಿಟ್ಟೆ." ಗುರುವಾರ ಹೂಡಿ. ಶುಕ್ರವಾರ ವರ್ತೂರು. ದಿನಕ್ಕೊಂದು ಪಂಜರ, ಹಿಂದಿನ ಕಾಲದಲ್ಲಿ ಬಡ ಹುಡುಗರು ವಾರಾನ್ನಕ್ಕೆ ಹೋಗುತ್ತಿದ್ದ ಹಾಗೆ. ಕಾಯಿಲೆಯ ಪಂಜರ, ಶುದ್ಧ ಪಂಜರ ಎಲ್ಲವನ್ನೂ ಸುತ್ತಿ, ಕೊನೆಗೆ ಮಾರತ್ತಹಳ್ಳಿ. ಹನ್ನೊಂದು ಪಂಜರ, ಹನ್ನೊಂದು ದಿನ. ಪ್ರತಿ ದಿನದ ಕೆಳಗೂ "ಕೈಗವಸು ಬದಲಿಸಿದೆ". ಹನ್ನೆರಡನೆಯ ದಿನ, "ಈಗ ತನ್ನ ಮನೆಯಲ್ಲೇ ತಿನ್ನುತ್ತಿದೆ. ಗೆಲುವಾಗಿದೆ. ಎಲ್ಲರೂ ಕ್ಷೇಮ."

ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುತ್ತವೆ. ಹಿಕ್ಕೆಯಲ್ಲಿ ಕ್ರಿಮಿ ಇರುತ್ತದೆ. ನಮ್ಮ ಜಾತಿಯ ಕ್ರಿಮಿ ಹಬ್ಬುವುದೇ ಹಾಗೆ. ಒಂದು ಪಂಜರದ ಇಲಿಯನ್ನು ಇನ್ನೊಂದಕ್ಕೆ ಎಂದಿಗೂ, ಯಾವ ಕಾರಣಕ್ಕೂ ಬಿಡಬಾರದು ಎಂದು ನಿಯಮಗಳ ಪಟ್ಟಿಯಲ್ಲಿತ್ತು. ಪಟ್ಟಿ ಇಂಗ್ಲಿಷಿನಲ್ಲಿತ್ತು. ಅದನ್ನು ಅಣ್ಣನಿಗೆ ಕನ್ನಡದಲ್ಲಿ ಹೇಳಿಕೊಟ್ಟವಳು ನಾನು. ಅವತ್ತು ಹೊಟ್ಟೆ ಹಸಿದಿತ್ತು, ಪಟ್ಟಿ ಉದ್ದವಿತ್ತು. "ಕಾಯಿಲೆ ಇಲಿ ಮುಟ್ಟಿದ ಕೈಗವಸಲ್ಲಿ ಒಳ್ಳೆ ಇಲಿ ಮುಟ್ಟಬೇಡಿ, ಅಷ್ಟೇ ಅಣ್ಣ" ಎಂದು ನಾಲ್ಕು ಸಾಲನ್ನು ಒಂದು ಮಾಡಿ ಎದ್ದಿದ್ದೆ. ನಾನು ಹೇಳಿದ್ದನ್ನು ಅವರು ಹನ್ನೊಂದು ದಿನವೂ ಚಾಚೂ ತಪ್ಪದೆ ಪಾಲಿಸಿದ್ದರು.

ಹೋಗಿ ಕೇಳಿದೆ. ಅವರು ಹೊಸ ಬಾಟಲಿಗಳಿಗೆ ಬಿರಡೆ ಹಾಕಿ ಒಂದೊಂದನ್ನೂ ತಲೆಕೆಳಗು ಮಾಡಿ ನೋಡುತ್ತಿದ್ದರು. ಆ ಸೋಮವಾರದಿಂದ ಹಾಗೆ ನೋಡದೆ ಒಂದನ್ನೂ ಇಡುತ್ತಿರಲಿಲ್ಲ.

"ಒಂಟಿಯಾದ್ರೆ ಯಾವ್ ಜೀವ ತಿಂತದೆ ಮೇಡಂ?" ಅಂದರು. "ಜೋಡಿ ಎತ್ತು ಸತ್ತೋದ್ರೆ ಇನ್ನೊಂದು ಮೇವ್ ಮುಟ್ಟಲ್ಲ. ಒಂದೇ ಪಂಜ್ರದಾಗ್ ಬಿಟ್ರೆ ಅವ್ಕೆ ತೊಂದ್ರೆ ಆಯ್ತದೆ ಅಂತ ಒಂದೊಂದ್ ದಿನ ಒಂದೊಂದ್ ಕಡೆ ಬಿಟ್ಟೆ. ಕಾಯಿಲೆ ನೀವು ನಳಿಕೆನಾಗೆ ಬಾಯೊಳಿಕ್ ಬಿಟ್ರಲ್ವಾ, ಜೊತೆಗ್ ಕೂತ್ರೆ ಬತ್ತದಾ?"

"ಬರುತ್ತೆ ಅಣ್ಣ," ಅಂದೆ.

ಅವರ ಕೈಯಲ್ಲಿದ್ದ ಬಾಟಲಿ ಹಾಗೇ ನಿಂತಿತು. ನಾನು ಎಲ್ಲವನ್ನೂ ವಿವರಿಸಿದೆ. ಹಿಕ್ಕೆ, ಶುದ್ಧ ಪಂಜರ, ಎಂಟು ತಿಂಗಳು, ನನ್ನ ಓದು. ಆಮೇಲೆ, ಇವತ್ತಿಗೂ ನೆನೆದರೆ ಮೈ ಹಿಡಿಯಾಗುವ ಮಾತು ಆಡಿದೆ. "ಯಾರಿಗೂ ಹೇಳೋದು ಬೇಡ ಅಣ್ಣ. ಲಸಿಕೆಯಂತೂ ಕೆಲಸ ಮಾಡಿದೆ. ಆ ಐದು ಇಲಿಗಳ ಚೂರು ಅದಲುಬದಲಾಗಿದೆ ಅಂತ ಬಿಟ್ಟುಬಿಡಬಹುದು."

"ಬರ್ದಿದ್ದೀನಲ್ಲಮ್ಮ."

"ಕನ್ನಡದಲ್ಲಿ ಬರೆದಿದೀರಿ. ಯಾರೂ ಓದಲ್ಲ."

ಅವರು ಬಾಟಲಿಯನ್ನು ಕೆಳಗಿಟ್ಟರು. "ನೀವ್ ಓದ್ತೀರಲ್ಲ," ಅಂದರು.

ನಾನು ನನ್ನ ಮೇಜಿಗೆ ವಾಪಸು ಬಂದು ಆರನೇ ತಿಂಗಳಿನ ಅನುವಾದಕ್ಕೆ ಕೂತೆ. ಬಾಟಲಿ ಸೋರಿದ್ದನ್ನು ಬರೆದೆ. ಮೂರು ಇಲಿ ಸತ್ತದ್ದನ್ನು ಬರೆದೆ. "ಉಳಿದ ಒಂದು ಇಲಿ ಆರೋಗ್ಯವಾಗಿದೆ" ಎಂದು ಬರೆದು ಮುಂದಿನ ತಿಂಗಳಿಗೆ ದಾಟಿದೆ. ಅವರಿಗೂ ಒಳ್ಳೆಯದೇ, ಕೆಲಸ ಉಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ತನ್ನ ಕಳ್ಳತನಕ್ಕೆ ಇನ್ನೊಬ್ಬರ ಹಿತದ ಹೊದಿಕೆ ಹೊದೆಸುವುದು ಎಷ್ಟು ಸಲೀಸು ಎಂದು ಅವತ್ತು ತಿಳಿಯಿತು.

ಮರುದಿನ ಬೆಳಿಗ್ಗೆ ದೊಡ್ಡ ಮೇಡಂ ಕೋಣೆಯ ಬಾಗಿಲ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದ ಸದ್ದು. ನಾನು ಒಳಗೇ ಇದ್ದೆ, ಮುಗಿದ ಅನುವಾದದ ಫೈಲು ಕೊಡಲು ಹೋಗಿದ್ದೆ. ಅಣ್ಣ ಕಂಕುಳಲ್ಲಿ ರಿಜಿಸ್ಟರ್ ಇಟ್ಟುಕೊಂಡು ನಿಂತಿದ್ದರು. ಸಮವಸ್ತ್ರಕ್ಕೆ ಇಸ್ತ್ರಿ ಮಾಡಿಸಿದ್ದರು.

"ಮೇಡಂ, ನಾನ್ ಏಳೋದ್ನ ದೊಡ್ಡ ಮೇಡಮ್ಮೋರ್ಗೆ ಇಂಗ್ಲಿಷ್‌ನಾಗೆ ಏಳ್ಬೇಕು ನೀವು," ಅಂದರು. ರಿಜಿಸ್ಟರನ್ನು ಮೇಜಿನ ಮೇಲೆ ಬಿಚ್ಚಿಟ್ಟು ಆ ಪುಟದ ಮೇಲೆ ಬೆರಳಿಟ್ಟರು. "ಕುಂದಲಹಳ್ಳಿ ಒಂಟಿ ಇಲಿನ ನಾನು ಬೇರೆ ಪಂಜ್ರದಾಗೆ ಬಿಟ್ಟೆ. ಅನ್ನೊಂದ್ ದಿನ ಬಿಟ್ಟೆ. ಎಲ್ಲಾ ಪಂಜ್ರಕ್ಕೂ ಬಿಟ್ಟೆ. ಇದ್ರಾಗೆ ಬರ್ದೈತೆ."

ದೊಡ್ಡ ಮೇಡಂ ನನ್ನ ಮುಖ ನೋಡಿದರು. ಅವರಿಬ್ಬರ ನಡುವೆ ಇದ್ದದ್ದು ನನ್ನ ನಾಲಿಗೆ ಒಂದೇ. ನಾನು ಇಂಗ್ಲಿಷಿನಲ್ಲಿ ಹೇಳಿದೆ, ಒಂಟಿಯಾದ ಇಲಿಯನ್ನು ಪಕ್ಕದ ಪಂಜರದಲ್ಲಿ ಸ್ವಲ್ಪ ಹೊತ್ತು ಬಿಟ್ಟಿರಬಹುದಂತೆ, "ಒನ್ಸ್ ಆರ್ ಟ್ವೈಸ್" ಎಂದೆ. ಒಂದೋ ಎರಡೋ ಸಲ.

ಅಣ್ಣ ಅಂಗೈ ಎತ್ತಿದರು, ಬಸ್ಸು ನಿಲ್ಲಿಸುವವರ ಹಾಗೆ.

"ಮೇಡಂ, ನಾನ್ ಅನ್ನೊಂದ್ ದಿನ ಅಂದೆ. ನೀವು ಒನ್ಸ್ ಆರ್ ಟ್ವೈಸ್ ಅಂದ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. "ಮನ್ಯಾಗೆ ಮೂವತ್ ಜನ ಇಂಗ್ಲಿಷ್‌ನೋರ್ನ ಇಟ್ಕಂಡಿವ್ನಿ. ಅಷ್ಟು ಅರ್ತ ಆಯ್ತದೆ."

ಆಮೇಲೆ ದೊಡ್ಡ ಮೇಡಂ ಕಡೆ ತಿರುಗಿ, "ಇಲೆವೆನ್ ಡೇಸ್" ಅಂದರು. ಅದು ಸಾಲದೆನಿಸಿತೇನೋ, ಎರಡೂ ಕೈಯ ಹತ್ತು ಬೆರಳು ಅಗಲಿಸಿ ತೋರಿಸಿ, ಮಡಿಸಿ, ಇನ್ನೊಂದು ಬೆರಳು ಎತ್ತಿ ಹಿಡಿದರು. ಸುಣ್ಣ, ಸಗಣಿ, ಫಿನೈಲು ಎಲ್ಲ ಕಂಡ ಬೆರಳು. ಅದನ್ನು ನೋಡುತ್ತ ನಿಂತಿದ್ದ ನನಗೆ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು.

ದೊಡ್ಡ ಮೇಡಂ ಒಳ್ಳೆಯ ಮನುಷ್ಯೆ. ನನ್ನ ಫೈಲನ್ನು ತೆರೆದು ಆರನೇ ತಿಂಗಳನ್ನು ಓದಿದರು. ಮುಚ್ಚಿ ನನ್ನ ಕೈಗೇ ವಾಪಸು ಕೊಟ್ಟರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಪೂರ್ತಿ ಬರೆದು ತಾ," ಅಂದರು. ಆಮೇಲೆ ನಿಧಾನವಾಗಿ, ಅಣ್ಣನ ಮುಖ ನೋಡುತ್ತಲೇ, ನನಗೆ ಇಂಗ್ಲಿಷಿನಲ್ಲಿ ಹೇಳಿದರು. "ಈ ಪ್ರಯೋಗ ಬಿದ್ದುಹೋಯಿತು, ಮೊದಲಿಂದ ಮಾಡಬೇಕು. ಅವರು ಬಂದು ಹೇಳಿದ್ದಕ್ಕೆ ನಾನು ಋಣಿ. ಆದರೆ ಪಂಜರ ಬೆರೆಸಿದವರನ್ನು ಇಲಿ ಕೋಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಅದು ನನ್ನ ಕೈಯಲ್ಲಿಲ್ಲ. ನಾಳೆಯಿಂದ ಅವರು ಬರುವುದು ಬೇಡ."

ಇದನ್ನು ನಾನು ಕನ್ನಡದಲ್ಲಿ ಹೇಳಿದೆ. ಈ ಸಲ ಒಂದು ಪದವನ್ನೂ ಬಿಡಲಿಲ್ಲ.

ಅಣ್ಣ ತಲೆಯಾಡಿಸಿದರು. "ಈಗ ಸರ್ಯಾಗ್ ಏಳಿದ್ರಿ," ಅಂದರು.

ಹೋಗುವಾಗ ಇಲಿ ಕೋಣೆಯ ಮುಂದೆ ನಿಂತರು. ಒಳಗೆ ಬೇರೆ ಪ್ರಯೋಗದ ಪಂಜರಗಳಿದ್ದವು. ಒಳಗೆ ಹೋಗುವ ಹಾಗಿಲ್ಲ ಎಂದು ಅವರಿಗೆ ಗೊತ್ತಿತ್ತು. ಎರಡು ಸಲ ತಟ್ಟಿ, ಎಂದಿನಂತೆ ಕಾದು, ಹೊರಗಿನಿಂದಲೇ "ಓಯ್ತೀನಿ ಕಣ್ರಮ್ಮಾ" ಅಂದು ಮೆಟ್ಟಿಲಿಳಿದರು. ನಾನು ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು ಅತ್ತೆ.

ಸಂಜೆ ಮನೆಗೆ ಹೋಗುವುದಕ್ಕೆ ಮುಖವಿರಲಿಲ್ಲ. ಬ್ರೂಕ್‌ಫೀಲ್ಡಿನ ಸ್ಟಾಪಿನಲ್ಲಿ ಮೂರು ಬಸ್ಸು ಬಿಟ್ಟೆ. ಕೊನೆಗೂ ಹೋದರೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪಂಚೆ ಉಟ್ಟು ಕೂತಿದ್ದರು. ನಾನು ತಲೆ ತಗ್ಗಿಸಿ ಮೆಟ್ಟಿಲು ಹತ್ತತೊಡಗಿದೆ. "ಮೂರ್ನೇ ಫ್ಲೋರು," ಎಂದು ಕರೆದರು. ನಿಂತೆ. "ಗೀಸರ್ ರಿಪೇರಿ ಆಗೈತೆ. ನಾಳೆಯಿಂದ ಬಿಸ್ನೀರ್ ಬತ್ತದೆ." ಅಷ್ಟೇ. ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಮೆಟ್ಟಿಲಿಳಿದು ಬಂದು, ನಲ್ಲಿಯ ಬಗ್ಗೆ ಏನಾದರೂ ದೂರಿ ವಾಪಸು ಹತ್ತಿದ್ದೇನೆ.

ಕೆಲಸ ಹೋದ ಎರಡನೇ ತಿಂಗಳಿಗೆ ಕಟ್ಟಡದ ಪಾರ್ಕಿಂಗಿನಲ್ಲಿ ಹಸು ಬಂತು. ಬೈಕುಗಳನ್ನು ಒಂದು ಕಡೆಗೆ ತಳ್ಳಿ ಗೂಟ ನೆಟ್ಟಿದ್ದರು. ಬಾಡಿಗೆಯವರೆಲ್ಲ ವಾಸನೆ ಎಂದು ಗಲಾಟೆ ಮಾಡಿದರು. ವಾರದೊಳಗೆ ಇನ್ನೊಂದು ಹಸು ಬಂತು.

"ಎರಡ್ಯಾಕಣ್ಣ?" ಅಂದೆ.

"ಒಂದೇ ಇದ್ರೆ ತಿನ್ನಲ್ಲ," ಅಂದರು. ಹೇಳಿದ ಮೇಲೆ ಇಬ್ಬರಿಗೂ ಕುಂದಲಹಳ್ಳಿಯ ಇಲಿ ನೆನಪಾಗಿ, ಇಬ್ಬರೂ ಹಸುವನ್ನೇ ನೋಡುತ್ತ ನಿಂತೆವು.

ಪ್ರಯೋಗವನ್ನು ಮೊದಲಿಂದ ಮಾಡಿದೆ. ಮತ್ತೆ ಎಂಟು ತಿಂಗಳು. ಶುದ್ಧ ಪಂಜರಗಳು ಶುದ್ಧವಾಗಿಯೇ ಇದ್ದವು. ಲಸಿಕೆ ಮಾತ್ರ ನಾವು ಅಂದುಕೊಂಡಷ್ಟು ಒಳ್ಳೆಯದಾಗಿರಲಿಲ್ಲ. ಕ್ರಿಮಿ ಸ್ವಲ್ಪ ಕಮ್ಮಿಯಾಗುತ್ತಿತ್ತು, ಅದಕ್ಕೆ ಬದಲಾಗಿ ಕೆಲವು ಹೊಟ್ಟೆಗಳಲ್ಲಿ ಊತ ಇನ್ನೂ ಹೆಚ್ಚುತ್ತಿತ್ತು. ಕಾವಲುಗಾರರು ಮನೆ ಕೆಡವುತ್ತಿದ್ದರು. ಕಂಪನಿಯವರು ಅದನ್ನು ಅಲ್ಲಿಗೇ ಕೈಬಿಟ್ಟರು. ನಾನು ಮೊದಲ ಫಲಿತಾಂಶವನ್ನೇ ಕಳಿಸಿದ್ದರೆ ಅದು ಮುಂದಿನ ಮೆಟ್ಟಿಲು ಹತ್ತಿ, ಒಂದು ದಿನ ಮನುಷ್ಯರ ಬಾಯಿಗೂ ಬರುತ್ತಿತ್ತೋ ಏನೋ. ಇದನ್ನು ಅಣ್ಣನಿಗೆ ಹೇಳಿದೆ.

"ಅಂಗಾರೆ ನಾನ್ ಕೆಡ್ಸಿಲ್ಲ ಅನ್ನಿ," ಅಂದರು. ಮುಖ ಒಂದು ಗಳಿಗೆ ಅರಳಿತು. ಆಮೇಲೆ ತಾವೇ ತಲೆ ಅಡ್ಡಡ್ಡ ಆಡಿಸಿದರು. "ಇಲ್ಲ ಬಿಡಿ. ಕೆಡ್ಸಿದ್ದು ಕೆಡ್ಸಿದ್ದೇ."

ಪಿಎಚ್.ಡಿ. ಒಂದು ವರ್ಷ ತಡವಾಗಿ ಸಿಕ್ಕಿತು. ಮದುವೆಯಾಗಿ ಚಿಕ್ಕಬಾಣಾವರದ ಕಡೆ ಬಂದೆ, ಈಗ ಪೀಣ್ಯದ ಒಂದು ಪ್ರಯೋಗಾಲಯದಲ್ಲಿದ್ದೇನೆ. ಹಬ್ಬಕ್ಕೊಮ್ಮೆ ಫೋನು ಮಾಡಿದರೆ ಅವರ ಮೊದಲ ಪ್ರಶ್ನೆ, "ನಿಮ್ಮೋರೆಲ್ಲ ಎಂಗವ್ರೆ?" ನನ್ನ ಗಂಡ ಮಕ್ಕಳ ಬಗ್ಗೆ ಅಲ್ಲ ಎಂದು ಗೊತ್ತಾಗಲು ನನಗೆ ಎರಡು ಹಬ್ಬ ಬೇಕಾಯಿತು. "ಎಲ್ಲರೂ ಕ್ಷೇಮ ಅಣ್ಣ," ಅನ್ನುತ್ತಿದ್ದೆ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದೆ. ಪಾರ್ಕಿಂಗಿನಲ್ಲಿ ಶಾಮಿಯಾನ, ಅದರ ಪಕ್ಕದಲ್ಲೇ ಎರಡು ಹಸುಗಳು. ಹಳೆಯ ಬಾಡಿಗೆಯವರು ಎಷ್ಟೋ ಜನ ಬಂದಿದ್ದರು, ಒಬ್ಬರ ಮಾತು ಒಬ್ಬರಿಗೆ ಬಾರದವರು. ಅಣ್ಣನ ಹೆಂಡತಿ ನನ್ನ ಕೈ ಹಿಡಿದುಕೊಂಡು ನೆಂಟರ ನಡುವೆ ಕೂರಿಸಿದರು.

"ಇವ್ಳೇ ಕಣ್ರವ್ವಾ, ಇಲಿ ಆಫೀಸ್ ಮೇಡಮ್ಮು," ಎಂದು ಪರಿಚಯ ಮಾಡಿದರು. "ನಮ್ಮನೆಯೋರು ಸಾಯೋಗಂಟ ಏಳ್ತಿದ್ರು ಇವ್ಳ್ ಮಾತು. 'ನಾ ಕನ್ನಡ್ದಾಗೆ ಬರ್ದಿದ್ನ ಒಂದಕ್ಸರ ಬಿಡ್ದಂಗೆ ಇಂಗ್ಲಿಷ್‌ನಾಗೆ ಏಳ್ಬುಟ್ಲು ಆ ಉಡ್ಗಿ. ಅವ್ಳ್ ಓದೇ ಓಯ್ತದೆ ಅಂತ ಗೊತ್ತಿದ್ರೂ ಏಳ್ಬುಟ್ಲು' ಅಂತ. ಬಾಡ್ಗೆಗ್ ಬಂದೋರ್ಗೆಲ್ಲ ಏಳ್ತಿದ್ರು. ಮೊಮ್ಮಕ್ಳಿಗೂ ಏಳ್ತಿದ್ರು."

ನೆಂಟರೆಲ್ಲ ನನ್ನನ್ನು ಮೆಚ್ಚಿಗೆಯಿಂದ ನೋಡಿದರು. ಒಬ್ಬ ಮುದುಕಿ ನನ್ನ ಗಲ್ಲ ಮುಟ್ಟಿ ನೆಟಿಕೆ ತೆಗೆದಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಬಂದು ಎಲೆ ಹಾಕಿದೆ ಏಳಿ ಅಂದರು. ಎಲ್ಲರೂ ಎದ್ದರು, ನಾನೂ ಎದ್ದೆ. ಬಾಯಿ ಮುಚ್ಚಿತು.

ಒಂದು ಸೋರಿದ ಬಿರಡೆಯನ್ನೂ ಬರೆಯದೆ ಬಿಡದ ಮನುಷ್ಯ ನನ್ನೊಬ್ಬಳಿಗಾಗಿ ಒಂದು ಸುಳ್ಳನ್ನು ಇಷ್ಟು ವರ್ಷ ಮನೆಮಂದಿಗೆಲ್ಲ ಹೇಳಿಕೊಂಡು ಬಂದಿದ್ದರು. ಆ ಸುಳ್ಳಿನ ಅನ್ನ ಉಂಡು ಬಂದಿದ್ದೇನೆ. ಅವರ ರಿಜಿಸ್ಟರು ಈಗ ಎಲ್ಲಿದೆಯೋ ಗೊತ್ತಿಲ್ಲ. ಸಿಕ್ಕಿದ್ದರೆ ಅದರಲ್ಲೇ ಬರೆಯುತ್ತಿದ್ದೆ, ಅವರ ಭಾಷೆಯಲ್ಲಿ, ಅವರ ರೀತಿಯಲ್ಲಿ. ಇಲ್ಲಿ ಬರೆಯುತ್ತೇನೆ.

ಬುಧವಾರ. ಅಣ್ಣ ಹನ್ನೊಂದು ದಿನ ಅಂದರು. ನಾನು ಒಂದೋ ಎರಡೋ ಸಲ ಅಂದೆ. ಅಣ್ಣನೇ ಸರಿಪಡಿಸಿದರು.